ಹಿನ್ನೀರಿನ ದಡದಲ್ಲಿ ದೋಣಿ ಕಟ್ಟೋ ಜಾಗ ಯಾರದ್ದು? ಪಕ್ಕದೋರು ಬೇಲಿ ಹಾಕಿದ್ರೆ ಏನ್ ಮಾಡ್ಬೇಕು?

ಪ್ರಶ್ನೆ: ಸಾರ್, ನಮ್ಮದು ಸಾಗರ ತಾಲ್ಲೂಕು ಕರೂರು ಹೋಬಳಿ. ಶರಾವತಿ ಹಿನ್ನೀರಿನ ದಡದಲ್ಲಿ ಎರಡೆಕರೆ ಅಡಿಕೆ ತೋಟ, ಅಲ್ಲೇ ಮನೆ. ನಮ್ಮ ಜಾಗದಲ್ಲಿ ನೀರಿನ ಕಡೆ ಕಡಿದಾದ ದರೆ, ಅದಕ್ಕೇ ಅಜ್ಜನ ಕಾಲದಿಂದ್ಲೂ ಪಕ್ಕದ ಜಮೀನಿನ ಇಳಿಜಾರಲ್ಲಿ ಇಳಿದು ಅಲ್ಲಿರೋ ಮತ್ತಿ ಮರಕ್ಕೆ ದೋಣಿ ಕಟ್ತಾ ಇದ್ವಿ. ಬೇಸಿಗೆಲಿ ನೀರು ಇಳಿದ ಮೇಲೆ ದೋಣಿ ಬೇರೆ ಕಡೆ ಹೋಗುತ್ತೆ, ಮತ್ತೆ ಮಳೆಗಾಲಕ್ಕೆ ಇಲ್ಲಿಗೇ ಬರುತ್ತೆ. ಹಳೇ ಯಜಮಾನ್ರು ಒಂದು ದಿನ ಬೇಡ ಅಂದಿಲ್ಲ, ನಾವೂ ಪ್ರತಿ ವರ್ಷ ಭೂಮಿ ಹುಣ್ಣಿಮೆಗೆ ಅವರ ಮನೆಗೆ ಒಂದು ಬಾಳೆಗೊನೆ ಕೊಟ್ಟು ಬರ್ತಿದ್ವಿ. ನಮ್ಮಪ್ಪ ಸ್ವಂತ ದುಡ್ಡು ಹಾಕಿ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿದ್ರು. ಯಜಮಾನ್ರು ತೀರಿಹೋದ ಮೇಲೆ ಮಕ್ಕಳು ಜಮೀನನ್ನ ಬೆಂಗಳೂರಿನೋರಿಗೆ ಮಾರಿದ್ರು. ಈಗ ಅಲ್ಲಿ ಹೋಂಸ್ಟೇ. ಫೆಬ್ರವರಿಲಿ ತಂತಿಬೇಲಿ ಬಂತು, ದಣಪೆ ಇದ್ದಲ್ಲಿ ಗೇಟು, ಗೇಟಿಗೆ ಬೀಗ. ಈ ಮಳೆಗಾಲ ನೀರು ಏರಿದ ಮೇಲೆ ಪ್ಲಾಸ್ಟಿಕ್ ಡ್ರಮ್ಮಿನ ತೇಲೋ ಜೆಟ್ಟಿ ತಂದು ನಾವು ದೋಣಿ ಕಟ್ಟೋ ಜಾಗದಲ್ಲೇ ನಿಲ್ಸಿದಾರೆ. ನಾವು ದರೆ ಮೇಲಿಂದ ಜಾರ್ಕೊಂಡು ಇಳಿದು ಪಕ್ಕದಲ್ಲೇ ಕಟ್ತಿದ್ವಿ, ಹೋದ ತಿಂಗಳು ಯಾರೋ ಹಗ್ಗ ಬಿಚ್ಚಿ ದೋಣಿ ಗಾಳಿಗೆ ಹೋಗಿ ನೀರೊಳಗಿನ ಮರದ ಬೊಡ್ಡೆಗೆ ಬಡಿದು ಹಲಗೆ ಒಡೆದಿದೆ. ನಮ್ಮ ಜಾಗ ನಮಗೆ ಸಿಗುತ್ತಾ? ಕೋರ್ಟಿಗೆ ಹೋದ್ರೆ ಗೆಲ್ತೀವಾ?

ಉತ್ತರ:

ನಿಮ್ಮ ಪತ್ರ ಓದಿ ಬೇಜಾರಾಯ್ತು ಮಾರಾಯ್ರೆ. ಹಿನ್ನೀರಿನ ಆಚೆ ಇರೋ ಮನೆಗೆ ದೋಣಿ ಅಂದ್ರೆ ಏನು ಅಂತ ಗೊತ್ತಿರೋರು ಯಾರೂ ಇನ್ನೊಬ್ಬರ ದೋಣಿ ಹಗ್ಗ ಬಿಚ್ಚಲ್ಲ. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೀತು, ನಿಜ, ಆದ್ರೆ ಹಿನ್ನೀರಿನ ಒಂದೊಂದು ಕವಲಲ್ಲೂ ಇರೋ ಒಂಟಿ ಮನೆಗಳಿಗೆ ಆ ಸೇತುವೆ ತನಕ ಹೋಗೋದೇ ಒಂದು ಸುತ್ತು, ರಾತ್ರಿ ಹೊತ್ತು ಯಾರಿಗಾದ್ರೂ ಎದೆನೋವು ಬಂದ್ರೆ, ಹೆರಿಗೆ ನೋವು ಬಂದ್ರೆ ಮೊದ್ಲು ನೆನಪಾಗೋದು ದೋಣಿನೇ. ಹಾಗಾಗಿ ಇದನ್ನ ಸಣ್ಣ ಜಗಳ ಅಂತ ನಾನು ತಗೊಳ್ಳಲ್ಲ. ಆದ್ರೆ ನೀವು ಕೇಳಿರೋ ಪ್ರಶ್ನೆ ಇದೆಯಲ್ಲ, "ನಮ್ಮ ಜಾಗ ನಮಗೆ ಸಿಗುತ್ತಾ" ಅಂತ, ಅದನ್ನೇ ಸ್ವಲ್ಪ ತಿದ್ಕೋಬೇಕಾಗುತ್ತೆ, ಯಾಕಂದ್ರೆ ದೋಣಿ ಕಟ್ಟೋ ಜಾಗ ನಿಮ್ಮದೂ ಅಲ್ಲ ಅವರದ್ದೂ ಅಲ್ಲ. ನಿಮ್ಮ ನಿಜವಾದ ಜಗಳ ಇರೋದು ನೀರಿನ ಅಂಚಲ್ಲಿ ಅಲ್ಲ, ಅಲ್ಲಿಗೆ ಇಳಿಯೋ ದಾರಿಲಿ.

ನೀರಿನ ಅಂಚಿನ ವಿಷಯ ಮೊದ್ಲು ಹೇಳ್ತೀನಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಹೊಳೆ, ಹಳ್ಳ, ಕೆರೆ, ಇವುಗಳ ತಳ, ನಿಂತ ನೀರು, ಹರಿಯೋ ನೀರು, ಸಾರ್ವಜನಿಕ ದಾರಿ ಎಲ್ಲಾ ಸರ್ಕಾರದ್ದು, ಬೇರೆಯೋರ ಹಕ್ಕು ಅಂತ ಸಾಬೀತಾಗಿದ್ರೆ ಮಾತ್ರ ಬೇರೆ ಮಾತು. ಅದೇ 1964ರಲ್ಲೇ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು. ಮುಳುಗೋ ಜಮೀನನ್ನೆಲ್ಲ ಅದಕ್ಕೂ ಮುಂಚೆನೇ ಸ್ವಾಧೀನ ಮಾಡ್ಕೊಂಡಿದ್ರು, ಈಗ ಜಲಾಶಯ ನೋಡ್ಕೊಳ್ಳೋದು ಕರ್ನಾಟಕ ವಿದ್ಯುತ್ ನಿಗಮ, ನಮ್ಮ ಕಡೆ ಎಲ್ಲಾರೂ ಕೆಪಿಸಿ ಅಂತೀವಿ. ಜಲಾಶಯದ ಪೂರ್ತಿ ಮಟ್ಟ 1819 ಅಡಿ. ಸೆಪ್ಟೆಂಬರಲ್ಲಿ ನೀರು ಅಲ್ಲಿಗೆ ಬಂದ್ರೆ ನಿಮ್ಮ ಬೇಲಿ ಬುಡಕ್ಕೆ ಅಲೆ ಬಡಿಯುತ್ತೆ, ಮೇ ತಿಂಗಳಿಗೆ ಅದೇ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗಿ ಹಳೇ ಗದ್ದೆ ಬದು, ಬೊಡ್ಡೆಗಳೆಲ್ಲ ಎದ್ದು ಕೂತಿರ್ತವೆ. 2023ರಲ್ಲಂತೂ ಜಲಾಶಯ ತುಂಬ್ಲೇ ಇಲ್ಲ. ಇಷ್ಟು ಓಡಾಡೋ ಅಂಚಿನ ಮೇಲೆ ಯಾರಿಗೂ ಪಹಣಿ ಸಿಗಲ್ಲ. ನೀರು ಇಳಿದಾಗ ತೆರೆದುಕೊಳ್ಳೋ ನೆಲ ಪಕ್ಕದ ಜಮೀನಿಗೆ ಸೇರ್ಕೊಳ್ಳೋದೂ ಇಲ್ಲ, ಅದು ಸ್ವಾಧೀನ ಆದ ನೆಲ, ಒಣಗಿದ್ರೂ ಸರ್ಕಾರದ್ದೇ.

ಇಲ್ಲಿ ಒಂದು ಗೊಂದಲ ಬಿಡಿಸ್ಬೇಕು. ತೀರ್ಥಹಳ್ಳಿ ಕಡೆ ತುಂಗಾ ದಡದಲ್ಲಿ ತೋಟ ಇರೋರು ಹೇಳ್ತಾರೆ, ನಮ್ಮ ಜಮೀನು ಹೊಳೆಗೆ ತಾಗಿದೆ, ಹೊಳೆಗೆ ಇಳಿಯೋ ಹಕ್ಕು ನಮಗಿದೆ ಅಂತ. ಅವರ ಮಟ್ಟಿಗೆ ಅದು ಸರಿ. ಸಹಜವಾಗಿ ಹರಿಯೋ ಹೊಳೆಗೆ ತಾಗಿದ ಜಮೀನಿನೋರಿಗೆ ಮನೆ ಬಳಕೆಗೆ, ದನಕರುಗೆ ನೀರು ತಗೊಳ್ಳೋ ಹಕ್ಕು, ತಮ್ಮ ದಡದಿಂದ ನೀರಿಗೆ ಇಳಿಯೋ ಹಕ್ಕು ಕಾನೂನಲ್ಲಿ ಮೊದ್ಲಿಂದ ಇದೆ. ಅಲ್ಲೂ ಹೊಳೆಯ ತಳ ಸರ್ಕಾರದ್ದೇ. ಆದ್ರೆ ಹಿನ್ನೀರು ಸಹಜ ಹೊಳೆ ಅಲ್ಲ, ದುಡ್ಡು ಕೊಟ್ಟು ಸ್ವಾಧೀನ ಮಾಡ್ಕೊಂಡ ನೆಲದ ಮೇಲೆ ನಿಂತಿರೋ ನೀರು. ನಿಮ್ಮ ಜಮೀನಿಗೂ ನೀರಿಗೂ ನಡುವೆ ಸ್ವಾಧೀನದ ಗಡಿ ಅನ್ನೋದು ಒಂದಿದೆ. ಆ ಗಡಿ ನೀರಿನ ಗೆರೆನೇ ಆಗಿರ್ಬೇಕು ಅಂತಿಲ್ಲ, ಸ್ವಾಧೀನ ಆಗಿರೋದು ಸರ್ವೆ ನಂಬರ್ ಲೆಕ್ಕದಲ್ಲಿ, ಕೆಲವು ಕಡೆ ಇಡೀ ನಂಬರ್, ಕೆಲವು ಕಡೆ ಅದರ ಒಂದು ಹಿಸ್ಸೆ ಅಂದ್ರೆ ಪಾಲು ಮಾತ್ರ, ಹಾಗಾಗಿ ನೀರು ತುಂಬಿದಾಗ್ಲೂ ಬೇಲಿ ಮತ್ತೆ ನೀರಿನ ಮಧ್ಯೆ ಒಂದು ಪಟ್ಟಿ ಸರ್ಕಾರಿ ನೆಲ ಉಳಿದಿರಬಹುದು. ಮಾಣಿ, ಚಕ್ರಾ, ಸಾವೆಹಕ್ಲು ಹಿನ್ನೀರಿನೋರಿಗೂ ಇದೇ ಮಾತು, ಲಕ್ಕವಳ್ಳಿ ಭದ್ರಾ ಕಡೆಯೋರಿಗೂ ಇದೇ, ಅಲ್ಲಿ ಕೆಪಿಸಿ ಬದಲು ನೀರಾವರಿ ನಿಗಮ ಅಷ್ಟೇ.

ಇಷ್ಟು ಗೊತ್ತಾದ ಮೇಲೆ ನೀವು ನನ್ನ ಕೇಳ್ತೀರಿ, ಹಂಗಾದ್ರೆ ಅವರ ಜೆಟ್ಟಿ ಅಕ್ರಮ ಅಲ್ವಾ, ಅದನ್ನೇ ಮೊದ್ಲು ಎತ್ತಿಸೋಣ ಅಂತ. ಕೆಪಿಸಿ ಒಪ್ಪಿಗೆ ಇಲ್ದೆ ಜಲಾಶಯದಲ್ಲಿ ಜೆಟ್ಟಿ ನಿಲ್ಸೋ ಹಕ್ಕು ಅವರಿಗಿಲ್ಲ. ಸರ್ಕಾರಿ ನೆಲದ ಒತ್ತುವರಿ ತೆರವಿಗೆ ತಹಶೀಲ್ದಾರ್‌ಗೆ ಭೂ ಕಂದಾಯ ಕಾಯ್ದೆಲೇ ಅಧಿಕಾರ ಇದೆ. ದುಡ್ಡಿಗೆ ಜನ ಕೂರಿಸ್ಕೊಂಡು ಮೋಟಾರ್ ದೋಣಿ ಓಡಿಸ್ತಿದ್ರೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ದೋಣಿಯ ತಪಾಸಣೆ, ನೋಂದಣಿ ಆಗಿರ್ಬೇಕು, ಅದನ್ನ ನೋಡೋದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಜಾಗ ಅಭಯಾರಣ್ಯದ ಗಡಿ ಒಳಗಿದ್ರೆ, 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ದೊಡ್ಡದಾದ ಮೇಲೆ ಎಷ್ಟೋ ಜಾಗ ಒಳಗೆ ಸೇರಿದೆ, ಆಗ ಅರಣ್ಯ ಇಲಾಖೆನೂ ಬರುತ್ತೆ. ಅಂದ್ರೆ ದೂರು ಕೊಡೋಕೆ ಬಾಗಿಲು ಬೇಕಾದಷ್ಟಿದೆ. ಆದ್ರೂ ಇದನ್ನ ಮೊದ್ಲ ಹೆಜ್ಜೆ ಮಾಡ್ಬೇಡಿ ಅಂತ ಕೈಮುಗಿದು ಹೇಳ್ತೀನಿ. ಅದೇ ಅಧಿಕಾರಿ ಬಂದು ದಡ ನೋಡಿದಾಗ ನಿಮ್ಮ ಗೂಟನೂ ಕಾಣುತ್ತೆ, ನಿಮ್ಮ ಪಂಪಿನ ಪೈಪೂ ಕಾಣುತ್ತೆ, ನಿಮ್ಮ ದೋಣಿಗೆ ಮೋಟಾರ್ ಇದ್ರೆ ಅದರ ಕಾಗದನೂ ಕೇಳ್ತಾರೆ, ಮೀನು ಹಿಡಿಯೋರಾದ್ರೆ ಮೀನುಗಾರಿಕೆ ಇಲಾಖೆ ಲೈಸೆನ್ಸೂ ಕೇಳ್ತಾರೆ. ಜೆಟ್ಟಿ ಹೋಗಿ ನಿಮ್ಮ ದೋಣಿನೂ ಹೋದ್ರೆ ಗೆದ್ದವರು ಯಾರು? ಜೆಟ್ಟಿ ಹೋದ್ರೂ ಗೇಟಿನ ಬೀಗ ಹಾಗೇ ಇರುತ್ತಲ್ಲ, ಅದನ್ನೂ ಯೋಚ್ನೆ ಮಾಡಿ.

ಈಗ ದಾರಿ. ನಿಮ್ಮ ಪತ್ರದಲ್ಲಿ ಎರಡು ವಾಕ್ಯ ಇದೆ, ಒಂದು ನಿಮಗೆ ವಿರುದ್ಧ, ಒಂದು ನಿಮ್ಮ ಪರ, ನೀವು ಬರೀವಾಗ ಎರಡನ್ನೂ ಸುಮ್ನೆ ಬರೆದಿದೀರಿ.

ವಿರುದ್ಧ ಹೋಗೋದು ಬಾಳೆಗೊನೆ. ಇನ್ನೊಬ್ಬರ ಜಮೀನಲ್ಲಿ ಓಡಾಡೋ ಹಕ್ಕು, ಈಸ್‌ಮೆಂಟ್ ಅಂತಾರೆ, ಅದು ರೂಢಿಯಿಂದ ಹುಟ್ಬೇಕಾದ್ರೆ ಖಾಸಗಿ ಜಮೀನಾದ್ರೆ 20 ವರ್ಷ, ಸರ್ಕಾರಿ ಜಮೀನಾದ್ರೆ 30 ವರ್ಷ, ಬಹಿರಂಗವಾಗಿ, ತಂಟೆ ಇಲ್ದೆ, ಬಿಡದೆ, ಮತ್ತೆ ಹಕ್ಕು ಅಂತ್ಲೇ ಓಡಾಡಿರ್ಬೇಕು. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಸೆಕ್ಷನ್ ಹೇಳೋದು ಇದನ್ನೇ. ಅಜ್ಜನ ಕಾಲದಿಂದ ಅಂದ್ರೆ ವರ್ಷಕ್ಕೇನೂ ಕೊರತೆ ಇಲ್ಲ. ಕಷ್ಟ ಇರೋದು ಕೊನೇ ಮಾತಲ್ಲಿ. ಯಜಮಾನ್ರು ಒಳ್ಳೇತನದಿಂದ ಬಿಟ್ಟಿದ್ರು, ನಾವು ಕೃತಜ್ಞತೆಗೆ ಗೊನೆ ಕೊಡ್ತಿದ್ವಿ ಅಂತ ನೀವು ಕೋರ್ಟಲ್ಲಿ ಹೇಳಿದ್ರೆ ಎದುರಿನ ವಕೀಲರು ಎದ್ದು ನಿಂತು ನೋಡಿ ಸ್ವಾಮಿ ಇದು ಬರೀ ಅನುಮತಿ ಅಂತಾರೆ. ಅನುಮತಿ ಮೇಲೆ ನೂರು ವರ್ಷ ಓಡಾಡಿದ್ರೂ ಅದು ಹಕ್ಕಾಗಲ್ಲ. ಅದಕ್ಕಿಂತ ಕಷ್ಟದ್ದು ಅದೇ ಕಾಯ್ದೆಯ 59ನೇ ಸೆಕ್ಷನ್, ಅನುಮತಿ ಕೊಟ್ಟೋರು ಜಮೀನು ಮಾರಿದ್ರೆ ಕೊಂಡವರು ಆ ಅನುಮತಿಗೆ ಕಟ್ಟುಬಿದ್ದಿರ್ಬೇಕಾಗಿಲ್ಲ. ಮಲೆನಾಡಲ್ಲಿ ಈಗ ನಡೀತಿರೋ ಅರ್ಧಕ್ಕರ್ಧ ದಾರಿ ಜಗಳದ ಬೇರು ಇಲ್ಲೇ ಇರೋದು ಅಂತ ನನಗನ್ಸುತ್ತೆ. ಎರಡು ತಲೆಮಾರು ಬಾಯಿಮಾತಲ್ಲಿ ನಡೆದಿದ್ದು ಒಂದು ಕ್ರಯಪತ್ರದಲ್ಲಿ ಮುಗಿದುಹೋಗುತ್ತೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದುಪಡಿ ಆಗಿ ಕೃಷಿಕರಲ್ಲದೋರೂ ಜಮೀನು ಕೊಳ್ಳೋ ಹಾಗಾದ ಮೇಲೆ ಹಿನ್ನೀರು ಕಾಣೋ ಜಾಗಕ್ಕೆ ಹೊರಗಿನ ಗಿರಾಕಿ ಜಾಸ್ತಿ ಆದ್ರು, ಅವರಿಗೆ ಪತ್ರದಲ್ಲಿರೋ ನಾಲ್ಕು ದಿಕ್ಕಿನ ಚೆಕ್‌ಬಂದಿ ಗೊತ್ತು, ಭೂಮಿ ಹುಣ್ಣಿಮೆ ಗೊತ್ತಿಲ್ಲ. ಅವರನ್ನ ಬೈದು ಪ್ರಯೋಜನ ಇಲ್ಲ. ಮಾರಿದ ಮಕ್ಕಳು ಒಂದು ಮಾತು ಹೇಳಿ ಕ್ರಯಪತ್ರದಲ್ಲಿ ಒಂದು ಸಾಲು ಬರೆಸಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ ಅನ್ನೋದೇ ನನ್ನ ಸಂಕಟ.

ಹಾಗಂತ ಗೊನೆ ಕೊಟ್ಟಿದ್ದನ್ನ ಮುಚ್ಚಿಡಿ ಅಂತ ನಾನು ಹೇಳಲ್ಲ, ಕೋರ್ಟಲ್ಲಿ ಸುಳ್ಳು ಹೇಳಿ ಗೆದ್ದ ದಾರಿ ನಿಲ್ಲಲ್ಲ. ಹಬ್ಬಕ್ಕೆ ಗೊನೆ ಕೊಡೋದು ನಮ್ಮ ಕಡೆ ನೆರೆಹೊರೆ ಪದ್ಧತಿ, ಬಾಡಿಗೆ ಅಲ್ಲ. ಅವರೂ ನಿಮ್ಮನೆಗೆ ಹಲಸೋ ಮಾವೋ ಕೊಟ್ಟಿರ್ತಾರಲ್ಲ, ಅದನ್ನೂ ಹೇಳಿ. ಯಾವತ್ತಾದ್ರೂ ದಾರಿ ಬಳಸೋ ಮುಂಚೆ ಕೇಳಿದ್ದುಂಟಾ, ಅವರು ಒಂದು ದಿನಕ್ಕಾದ್ರೂ ಮುಚ್ಚಿ ಮತ್ತೆ ತೆರೆದದ್ದುಂಟಾ, ಬರವಣಿಗೆಲಿ ಏನಾದ್ರೂ ಉಂಟಾ? ಇದ್ಯಾವುದೂ ಇಲ್ಲ ಅಂದ್ರೆ ನಿಮ್ಮ ಮಾತಿಗೆ ಬಲ ಇದೆ.

ನಿಮ್ಮ ಪರ ಇರೋದು ಮೆಟ್ಟಿಲು. ಒಂದು ವೇಳೆ ಕೋರ್ಟು ಇದು ಅನುಮತಿನೇ ಅಂದ್ರೂ 60ನೇ ಸೆಕ್ಷನ್ ಅಂತ ಒಂದಿದೆ. ಅನುಮತಿ ನಂಬಿಕೊಂಡು ಖರ್ಚು ಮಾಡಿ ಶಾಶ್ವತವಾದ ಕಟ್ಟಡ ಕೆಲಸ ಮಾಡಿದ್ರೆ ಆ ಅನುಮತಿನ ವಾಪಸ್ ತಗೊಳ್ಳೋ ಹಾಗಿಲ್ಲ. ಜಂಬಿಟ್ಟಿಗೆ ಮೆಟ್ಟಿಲು ಶಾಶ್ವತ ಕೆಲಸ. ಅವರು 59 ಹಿಡೀತಾರೆ, ನೀವು 60 ಹಿಡೀಬೇಕು, ಜೊತೆಗೆ ಕೊಳ್ಳೋ ಮುಂಚೆ ಜಾಗ ನೋಡೋಕೆ ಬಂದಾಗ ಮೆಟ್ಟಿಲು ಕಣ್ಣೆದುರೇ ಇತ್ತು, ಮತ್ತಿ ಮರಕ್ಕೆ ದೋಣಿ ಕಟ್ಟಿತ್ತು, ಕೇಳದೇ ಕೊಂಡಿದ್ದು ಅವರ ಹೊಣೆ ಅಂತ ವಾದ ಮಾಡ್ಬೇಕು. ಮೆಟ್ಟಿಲು ಕಟ್ಟಿದ ಗಾರೆ ಕೆಲಸದೋರು ಬದುಕಿದ್ರೆ ಅವರ ಹತ್ರ ಮಾತಾಡಿ, ಕಲ್ಲು ತಂದ ಲಾರಿ ಚೀಟಿ ಅಟ್ಟದ ಮೇಲೆಲ್ಲಾದ್ರೂ ಇರುತ್ತೆ ಹುಡುಕಿ, ಮೆಟ್ಟಿಲಿನ ಫೋಟೋ ಇವತ್ತೇ ತೆಗೆದಿಟ್ಕೊಳ್ಳಿ, ನಾಳೆ ಅದನ್ನ ಒಡೆದ್ರೆ ನಿಮ್ಮ ಕೇಸಿನ ಬೆನ್ನೆಲುಬು ಹೋಯ್ತು.

ಇನ್ನೂ ಎರಡು ವಾದ ಜನ ಸುಮ್ಸುಮ್ನೆ ಹಾಕ್ತಾರೆ, ಹಾಕ್ಬೇಡಿ. ಒಂದು, ಬೇರೆ ದಾರಿನೇ ಇಲ್ಲ ಅನ್ನೋದು. ಅನಿವಾರ್ಯದ ದಾರಿ ಹಕ್ಕು ಹುಟ್ಟೋದು ಎರಡೂ ಜಮೀನು ಹಿಂದೆ ಒಬ್ಬರದ್ದೇ ಆಗಿದ್ದು ಪಾಲಾದಾಗ ಅಥವಾ ಮಾರಾಟ ಆದಾಗ ಮಾತ್ರ, ಅದೂ ನಿಜವಾಗ್ಲೂ ಬೇರೆ ದಾರಿ ಇಲ್ದಿದ್ರೆ. ನಿಮ್ಮದೇ ದರೆ ನೀರಿನ ಕಡೆ ಇದೆ, ಕಷ್ಟ ಆದ್ರೂ ಇಳೀತಿದೀರಿ, ಹಾಗಾಗಿ ನಿಲ್ಲಲ್ಲ. ನಿಮ್ಮ ನಂಬರೂ ಅವರ ನಂಬರೂ ಒಂದೇ ಮೂಲ ಸರ್ವೆ ನಂಬರಿನ ಹಿಸ್ಸೆಗಳಾಗಿದ್ರೆ ಮಾತ್ರ ಹಳೇ ಪಾಲುಪಟ್ಟಿ ತೆಗೆದು ನೋಡಿ, ಅದರಲ್ಲಿ ದಾರಿ ಬಿಟ್ಟಿರೋ ಮಾತು ಇದ್ರೂ ಇರಬಹುದು. ಇನ್ನೊಂದು, ಅದು ನಮ್ಮದೇ ಜಾಗ, ಇಷ್ಟು ವರ್ಷ ಅನುಭವದಲ್ಲಿದೆ ಅನ್ನೋದು. ದಾರಿ ಹಕ್ಕು ಕೇಳೋದು ಅಂದ್ರೆನೇ ನೆಲ ಇನ್ನೊಬ್ಬರದ್ದು ಅಂತ ಒಪ್ಕೊಂಡ ಹಾಗೆ. ಎರಡನ್ನೂ ಒಂದೇ ಅರ್ಜಿಲಿ ಹಾಕಿದ್ರೆ ಎರಡೂ ಕೆಡುತ್ತೆ.

ಇಷ್ಟೆಲ್ಲಾ ಹೇಳಿದ್ರೂ ನಾನು ನಿಮ್ಮ ಜಾಗದಲ್ಲಿದ್ರೆ ಮೊದ್ಲು ಹೋಗೋದು ವಕೀಲರ ಹತ್ರ ಅಲ್ಲ, ಸರ್ವೆ ಆಫೀಸಿಗೆ. ಸಾಗರದ ಭೂದಾಖಲೆ ಕಚೇರಿಲಿ ನಿಮ್ಮೂರಿನ ಗ್ರಾಮ ನಕಾಶೆ ನಕಲು ತಗೊಳ್ಳಿ, ಮುಳುಗಡೆಗೆ ಮುಂಚಿನ ಮೂಲ ನಕಾಶೆನೇ ಬೇಕು ಅಂತ ಕೇಳಿ. ಜೊತೆಗೆ ಎರಡೂ ಸರ್ವೆ ನಂಬರಿನ ಟಿಪ್ಪಣಿ (ಮೂಲ ಅಳತೆ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಪೋಡಿ ಅಂದ್ರೆ ನಂಬರ್ ಭಾಗ ಆಗಿದ್ರೆ ಅದರ ನಕ್ಷೆ. ಯಾಕೆ ಹಳೇ ನಕಾಶೆ ಅಂದ್ರೆ, ಹಿನ್ನೀರಿನ ಸುತ್ತ ದೋಣಿ ಇಳಿಸೋಕೆ ಅನುಕೂಲ ಇರೋ ಇಳಿಜಾರುಗಳು ಎಷ್ಟೋ ಕಡೆ ಮುಳುಗಡೆಗೆ ಮುಂಚಿನ ಗಾಡಿದಾರಿಗಳೇ. ಆ ಕಾಲದಲ್ಲಿ ಕೆಳಗಿನ ಊರಿಗೆ, ಗದ್ದೆ ಬಯಲಿಗೆ, ಹೊಳೆ ಕಡವಿಗೆ ಹೋಗ್ತಿದ್ದ ದಾರಿ ಈಗ ನೀರೊಳಗೆ ಹೋಗಿ ಮುಗಿಯುತ್ತೆ. ನಿಮ್ಮಜ್ಜ ಆ ಇಳಿಜಾರನ್ನೇ ಯಾಕೆ ಆರಿಸ್ಕೊಂಡ್ರು ಅಂತ ಯೋಚ್ನೆ ಮಾಡಿ, ಬಹುಶಃ ಅಲ್ಲಿ ಮೊದ್ಲೇ ದಾರಿ ಇತ್ತು. ನಕಾಶೆಲಿ ಅಲ್ಲಿ ಕಾಲುದಾರಿನೋ ಬಂಡಿದಾರಿನೋ ಗುರ್ತು ಸಿಕ್ತು ಅಂದ್ರೆ ನಿಮ್ಮ ಕೇಸಿನ ಬಣ್ಣನೇ ಬೇರೆ. ಆಗ ಅದು ಹಳೇ ಯಜಮಾನ್ರ ಉಪಕಾರನೂ ಅಲ್ಲ, ನಿಮ್ಮ ಒಂದು ಮನೆಯ ರೂಢಿನೂ ಅಲ್ಲ, ಸಾರ್ವಜನಿಕ ದಾರಿ, ಅದನ್ನ ಮಾರೋಕೆ ಅವರ ಮಕ್ಕಳಿಗೂ ಹಕ್ಕಿರ್ಲಿಲ್ಲ. ಪಹಣಿಲಿ ಅವರ ನಂಬರಿಗೆ ಬಿ ಖರಾಬು ಅಂತ ಗುಂಟೆ ಲೆಕ್ಕ ಇದ್ಯಾ ನೋಡಿ, ಸಾರ್ವಜನಿಕ ಬಳಕೆಯ ದಾರಿ, ಹಳ್ಳದ ಜಾಗ ಅದರಲ್ಲಿ ಬರುತ್ತೆ. ನಕಾಶೆಲಿರೋ ದಾರಿ ಮುಚ್ಚಿದ್ರೆ ತೆರವು ಮಾಡಿಸೋ ಕೆಲಸ ತಹಶೀಲ್ದಾರ್‌ದು, ಅದಕ್ಕೆ ವರ್ಷಗಟ್ಟಲೆ ಸಿವಿಲ್ ಕೇಸು ಬೇಕಾಗಿಲ್ಲ.

ಆಮೇಲೆ ಹದ್ದುಬಸ್ತು, ಅಂದ್ರೆ ಜಮೀನು ಅಳೆದು ಗಡಿ ಗುರುತಿಸೋದು. ನಿಮ್ಮ ನಂಬರಿಗೆ ನೀವು ನಾಡಕಚೇರಿಲಿ ಅರ್ಜಿ ಹಾಕಬಹುದು, ಅಕ್ಕಪಕ್ಕದೋರಿಗೆ ನೋಟಿಸ್ ಹೋಗುತ್ತೆ. ಆದ್ರೆ ಪಕ್ಕದೋರ ಜಮೀನು ಎಲ್ಲಿ ಮುಗಿದು ಕೆಪಿಸಿ ಜಮೀನು ಎಲ್ಲಿ ಶುರು ಅನ್ನೋದು ನಿಮ್ಮ ಅರ್ಜಿಲಿ ಅಳೆಯಲ್ಲ, ಅದಕ್ಕೆ ಸರ್ಕಾರಿ ಜಮೀನಿನ ಗಡಿ ಗುರುತಿಸಿ ಕೊಡಿ ಅಂತ ತಹಶೀಲ್ದಾರ್‌ಗೂ ಕೆಪಿಸಿಗೂ ಬೇರೆ ಮನವಿ ಕೊಡ್ಬೇಕು, ಮತ್ತೆ ಮಾಹಿತಿ ಹಕ್ಕಲ್ಲಿ ಆ ಊರಿನ ಸ್ವಾಧೀನದ ವಿವರ, ಯಾವ ನಂಬರಲ್ಲಿ ಎಷ್ಟು ಎಕರೆ ಗುಂಟೆ ಹೋಗಿದೆ ಅಂತ ಕೇಳ್ಬೇಕು. ಇದು ಯಾಕಷ್ಟು ಮುಖ್ಯ ಅಂದ್ರೆ ಮೆಟ್ಟಿಲಿನ ಕೆಳಭಾಗ, ಮತ್ತಿ ಮರ, ಬೇಲಿಯ ಕೊನೇ ಕಂಬಗಳು ಯಾರ ನೆಲದಲ್ಲಿವೆ ಅಂತ ಈಗ ನಿಮಗೂ ಗೊತ್ತಿಲ್ಲ ಅವರಿಗೂ ಗೊತ್ತಿಲ್ಲ. ಮರ ಸರ್ಕಾರಿ ಪಟ್ಟಿಲಿದೆ ಅಂತಾದ್ರೆ ನಿಮಗೆ ಬೇಕಾಗಿರೋದು ಗೇಟಿಂದ ಅಲ್ಲಿ ತನಕ ಒಂದಿಷ್ಟು ಅಡಿ ದಾರಿ ಮಾತ್ರ, ಜಗಳ ಅಷ್ಟಕ್ಕೇ ಇಳಿಯುತ್ತೆ. ಬೇಲಿನೇ ಸರ್ಕಾರಿ ನೆಲಕ್ಕೆ ಬಂದಿದ್ರೆ ಅವರು ತಾವಾಗಿ ಮಾತುಕತೆಗೆ ಕೂರ್ತಾರೆ.

ನಿಮ್ಮ ಕೇರಿಲಿ ಬೇರೆ ಯಾರ್ಯಾರು ಅದೇ ದಾರಿ ಬಳಸ್ತಿದ್ರು ಅನ್ನೋದನ್ನ ನೀವು ಬರೆದೇ ಇಲ್ಲ. ಇನ್ನೂ ನಾಲ್ಕು ಮನೆಯೋರು ಅಲ್ಲೇ ದೋಣಿ ಹತ್ತಿದ್ರೆ, ಹಾಲು ಡೇರಿಗೆ ಹೋಗೋರು, ಶಾಲೆ ಮಕ್ಕಳು, ಆಶಾ ಕಾರ್ಯಕರ್ತೆ, ಪೋಸ್ಟ್‌ಮ್ಯಾನ್ ಅಲ್ಲೇ ಇಳಿದು ಬಂದಿದ್ರೆ ಅದು ಊರಿನ ರೂಢಿ ಹಕ್ಕು, ಒಬ್ಬರ ಮಾತಿಗಿಂತ ಬಹಳ ಗಟ್ಟಿ. ಸಾಕ್ಷಿಗೆ ನೆಂಟರಿಗಿಂತ ಇಂಥೋರು ವಾಸಿ. ಗ್ರಾಮ ಪಂಚಾಯ್ತಿ ಹಳೇ ನಡಾವಳಿಲಿ ಆ ದಾರಿಗೆ ಮಣ್ಣು ಹಾಕಿಸಿದ್ದೋ, ಕಾಡು ಸವರಿಸಿದ್ದೋ ಇದ್ರೆ ಚಿನ್ನ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರ ಹಿಂದಕ್ಕೆ ಸರಿಸಿ ನೋಡೋಕಾಗುತ್ತೆ, ಸವೆದ ದಾರಿ ಬೆಳ್ಳಗೆ ಕಾಣುತ್ತೆ, ಮಗನ ಕೈಲೋ ಮಗಳ ಕೈಲೋ ತೆಗೆಸಿ ತಾರೀಕು ಸಮೇತ ಪ್ರಿಂಟ್ ಹಾಕಿಸಿ.

ಗಡುವಿನ ವಿಷಯ ದಯವಿಟ್ಟು ಗಮನ ಕೊಟ್ಟು ಓದಿ, ಒಳ್ಳೇ ಕೇಸುಗಳು ಇಲ್ಲೇ ಸಾಯೋದು. ಅವರು ಬೇಲಿ ಹಾಕಿದ್ದು ಫೆಬ್ರವರಿ. ಅಡ್ಡಿ ಮಾಡಿದ್ದು ಗೊತ್ತಾಗಿಯೂ ಒಂದು ವರ್ಷ ಸುಮ್ನಿದ್ರೆ ನಿಮ್ಮ ಓಡಾಟ ತುಂಡಾಯ್ತು ಅಂತ ಕಾನೂನು ಲೆಕ್ಕ ಹಾಕುತ್ತೆ, ಹಾಗಾಗಿ ಬರೋ ಫೆಬ್ರವರಿ ತನಕ ಕಾಯದೆ ಈಗ್ಲೇ ಲಿಖಿತ ಆಕ್ಷೇಪಣೆ ರಿಜಿಸ್ಟರ್ ಪೋಸ್ಟಲ್ಲಿ ಕಳ್ಸಿ, ರಸೀದಿ ಇಟ್ಕೊಳ್ಳಿ. ಮೇಲೆ ಹೇಳಿದ 20 ವರ್ಷದ ರೂಢಿ ಹಕ್ಕಿನ ದಾವೆ ಹಾಕೋದಾದ್ರೆ ಅಡ್ಡಿಯಾದ ಎರಡು ವರ್ಷದ ಒಳಗೆ ಹಾಕ್ಬೇಕು. ಇದಕ್ಕಿಂತ ಬೇಗದ ದಾರಿ ಇನ್ನೊಂದಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಸೆಕ್ಷನ್, ಹಳೇ ಸಿಆರ್‌ಪಿಸಿಲಿ 147 ಇತ್ತಲ್ಲ ಅದೇ. ನೆಲ ಅಥವಾ ನೀರು ಬಳಸೋ ಹಕ್ಕಿನ ಬಗ್ಗೆ ಜಗಳ ಆಗಿ ಶಾಂತಿ ಕೆಡೋ ಹಾಗಿದ್ರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಿ ಅಡ್ಡಿ ಮಾಡ್ಬೇಡಿ ಅಂತ ಆದೇಶ ಕೊಡಬಹುದು. ವರ್ಷಪೂರ್ತಿ ಬಳಸೋ ದಾರಿಯಾದ್ರೆ ದೂರಿನ ಹಿಂದಿನ ಮೂರು ತಿಂಗಳಲ್ಲಿ ಬಳಸಿರ್ಬೇಕು ಅಂತ ನಿಯಮ. ಅಲ್ಲಿ ಬೇಲಿ ಹಾಕಿ ಅದಕ್ಕಿಂತ ಜಾಸ್ತಿ ಆಯ್ತು. ಆದ್ರೆ ವರ್ಷದ ಒಂದು ಕಾಲದಲ್ಲಿ ಮಾತ್ರ ಬಳಸೋ ಹಕ್ಕಾದ್ರೆ ಹಿಂದಿನ ಆ ಕಾಲದಲ್ಲಿ ಬಳಸಿದ್ರೆ ಸಾಕು. ನಿಮ್ಮದು ನೀರು ಏರಿದಾಗ ಮಾತ್ರ ಬಳಸೋ ದಾರಿ, ಹೋದ ಮಳೆಗಾಲ ಬಳಸಿದೀರಿ, ಅಲ್ಲಿಗೆ ಸರಿಹೋಯ್ತು. ಈ ಸಲ ಬಿಟ್ಟು ಇನ್ನೊಂದು ಮಳೆಗಾಲ ದಾಟಿಸಿದ್ರೆ ಈ ಬಾಗಿಲು ಮುಚ್ಚುತ್ತೆ.

ಹಗ್ಗ ಬಿಚ್ಚಿದ ವಿಷಯಕ್ಕೆ ಸ್ಟೇಷನ್ನಿಗೆ ಬೇರೆನೇ ದೂರು ಕೊಡಿ. ಆಸ್ತಿಗೆ ಬೇಕಂತ್ಲೇ ನಷ್ಟ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಪ್ರಕಾರ ಅಪರಾಧ. ಯಾರು ಅಂತ ಕಣ್ಣಾರೆ ನೋಡದೆ ಹೆಸರು ಹಾಕ್ಬೇಡಿ, ಗೊತ್ತಿಲ್ಲದ ವ್ಯಕ್ತಿಗಳು ಅಂತ್ಲೇ ಬರೀರಿ, ಒಡೆದ ಹಲಗೆ ಫೋಟೋ, ರಿಪೇರಿ ಖರ್ಚು ಸೇರಿಸಿ, ಸ್ವೀಕೃತಿ ಕೇಳಿ ತಗೊಳ್ಳಿ. ಸಿಟ್ಟಲ್ಲಿ ನೀವು ಹೋಗಿ ಅವರ ಜೆಟ್ಟಿ ಹಗ್ಗ ಕುಯ್ಯೋದು, ಗೇಟು ಮುರಿಯೋದು ಮಾತ್ರ ಬೇಡ, ಅವತ್ತಿಂದ ನೀವು ದೂರುದಾರರಲ್ಲ ಆರೋಪಿ. ಈ ಮಧ್ಯೆ ದೋಣಿನ ಒಂದೇ ಹಗ್ಗದಲ್ಲಿ ಬಿಡ್ಬೇಡಿ. ಮಳೆಗಾಲದ ಗಾಳಿಗೆ ಒಂದು ಹಗ್ಗದ ದೋಣಿ ಸುತ್ತು ಹೊಡೆದು ಅವರ ಜೆಟ್ಟಿಗೆ ತಾಗಿದ್ರೆ ಅದೇ ಹೊಸ ತಕರಾರು. ಹಿಂದೆ ಮುಂದೆ ಎರಡು ಹಗ್ಗ, ನೀರು ಏರೋದಕ್ಕೆ ತಕ್ಕ ಸಡಿಲ, ಬೇಕಾದ್ರೆ ಒಂದು ಬೀಗದ ಸರಪಳಿ.

ಸಿವಿಲ್ ಕೋರ್ಟಿಗೆ ಹೋದ್ರೆ ಗೆಲ್ತೀವಾ ಅಂದ್ರಿ. ನಕಾಶೆಲಿ ದಾರಿ ಇದ್ರೆ ಗೆಲ್ತೀರಿ ಅಂತ ಧೈರ್ಯವಾಗಿ ಹೇಳ್ತೀನಿ. ಇಲ್ದಿದ್ರೆ ಮೆಟ್ಟಿಲು ಮತ್ತೆ ಸಾಕ್ಷಿಗಳ ಮೇಲೆ ನಿಂತಿದೆ, ಗೆಲ್ಲೋ ಕೇಸೇ, ಆದ್ರೆ ಉದ್ದ. ಹಾಕೋದಾದ್ರೆ ನೀರು ತುಂಬಿರುವಾಗ್ಲೇ ಹಾಕಿ, ಜಾಗ ನೋಡಿ ಕೋರ್ಟಿಗೆ ವರದಿ ಕೊಡೋ ಕೋರ್ಟ್ ಕಮಿಷನರ್ ನೇಮಕಕ್ಕೆ ಅರ್ಜಿ ಕೊಡಿ, ಅವರು ಬಂದಾಗ ನೀರು ಮೆಟ್ಟಿಲಿಗೆ ಬಂದಿರೋದು, ದರೆ ಎಷ್ಟು ಕಡಿದು ಅನ್ನೋದು ಅವರ ಕಣ್ಣಿಗೇ ಕಾಣ್ಬೇಕು. ಏಪ್ರಿಲಲ್ಲಿ ಬಂದ್ರೆ ಅವರಿಗೆ ಕಾಣೋದು ಒಣ ನೆಲ. ಹೋಂಸ್ಟೇಯೋರೇ ಮೊದ್ಲು ಕೋರ್ಟಿಗೆ ಹೋಗಿ ನಿಮ್ಮ ಮೇಲೆ ತಡೆಯಾಜ್ಞೆ ತರೋ ಸೂಚನೆ ಇದ್ರೆ ಕೇವಿಯಟ್ ಹಾಕಿಡಿ, 90 ದಿನ ಇರುತ್ತೆ, ನಿಮ್ಮ ಮಾತು ಕೇಳದೆ ಆದೇಶ ಆಗಲ್ಲ.

ಆದ್ರೆ ನನ್ನ ಮನಸಲ್ಲಿರೋದು ಹೇಳ್ಬೇಕಂದ್ರೆ ನಕಾಶೆ ಕೈಗೆ ಬಂದ ಮೇಲೆ ಒಂದ್ಸಲ ಆ ಮಾಲೀಕರ ಹತ್ರ ನೇರ ಮಾತಾಡಿ, ಅಲ್ಲಿರೋ ಮ್ಯಾನೇಜರ್ ಹತ್ರ ಅಲ್ಲ. ಬೆಂಗಳೂರಿಂದ ಅವರು ಬಂದಿರೋ ದಿನ ನೋಡ್ಕೊಂಡು, ಊರಲ್ಲಿ ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರನ್ನ ಕರ್ಕೊಂಡು ಹೋಗಿ. ಅವರಿಗಿರೋ ಭಯನೂ ಅರ್ಥ ಮಾಡ್ಕೊಳ್ಳಿ, ಕೋಟಿ ಸುರಿದು ಮಾಡಿರ್ತಾರೆ, ಅತಿಥಿಗಳ ಮಧ್ಯೆ ಹೊತ್ತಲ್ಲದ ಹೊತ್ತಲ್ಲಿ ಜನ ಓಡಾಡಿದ್ರೆ, ಮೀನಿನ ಬಲೆ ಒಣಗಿಸಿದ್ರೆ ಅಂತ. ದಾರಿನ ಗಡಿ ಪಕ್ಕಕ್ಕೆ ಸರಿಸಿಕೊಡ್ತೀವಿ ಅಂದ್ರೆ ಒಪ್ಪಿ, ಅಗಲ ಮಾತ್ರ ಒಬ್ಬ ರೋಗಿನ ಕುರ್ಚಿಲಿ ಕೂರಿಸಿ ಎರಡು ಜನ ಹೊತ್ಕೊಂಡು ಇಳಿಯೋವಷ್ಟು ಇರ್ಲಿ, ಅದಕ್ಕಿಂತ ಕಮ್ಮಿಗೆ ಒಪ್ಬೇಡಿ. ಜೆಟ್ಟಿ ಒಂದಿಷ್ಟು ದೂರ ಸರಿಸ್ಲಿ, ನೀರು ಇಳಿದ ಹಾಗೆ ಇಬ್ರೂ ಒಟ್ಟಿಗೆ ಕೆಳಗೆ ಹೋಗೋದು ಅಂತ ಮಾತಾಗ್ಲಿ. ಗೇಟಿನ ಒಂದು ಕೀ ನಿಮ್ಮ ಮನೆಲಿರ್ಲಿ, ರಾತ್ರಿ ಆಸ್ಪತ್ರೆಗೆ ಹೊರಟಾಗ ಯಾರನ್ನೂ ಎಬ್ಬಿಸೋ ಹಾಗಾಗ್ಬಾರ್ದು.

ಮಾತು ಮುಗಿದ್ರೆ ಮತ್ತೆ ಬಾಯಿಮಾತಿಗೆ ಬಿಡ್ಬೇಡಿ, ಕೈಕುಲುಕಿ ಟೀ ಕುಡಿದು ಬರೋದಲ್ಲ. ಸಾಗರದ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ದಾರಿ ಹಕ್ಕಿನ ಪತ್ರ ನೋಂದಣಿ ಮಾಡಿಸಿ, ಅಡಿ ಅಳತೆ, ನಕ್ಷೆ ಸಮೇತ, ನಿಮ್ಮ ಜಮೀನಿಗೆ ಅವರ ಜಮೀನಿನ ಮೇಲೆ ಹಕ್ಕು ಅಂತ ಎರಡೂ ಸರ್ವೆ ನಂಬರ್ ಬರೆಸಿ, ವಾರಸುದಾರರಿಗೂ ಮುಂದೆ ಕೊಳ್ಳೋರಿಗೂ ಅನ್ವಯ ಅನ್ನೋ ಸಾಲು ಮರೀಬೇಡಿ. ಆಗ ಅದು ಋಣಭಾರ ಪತ್ರದಲ್ಲಿ (ಇಸಿ) ಕಾಣುತ್ತೆ, ಅವರು ನಾಳೆ ಇನ್ಯಾರಿಗೋ ಮಾರಿದ್ರೂ ದಾರಿ ಉಳಿಯುತ್ತೆ. ಪತ್ರದಲ್ಲಿ ಇಬ್ಬರೂ ಒಪ್ಪೋಕಾಗೋದು ಒಣ ನೆಲದ ದಾರಿ ಮಾತ್ರ ಅನ್ನೋದು ನೆನಪಿರ್ಲಿ, ನೀರಿನ ಮೇಲೆ ಹಕ್ಕು ಕೊಡೋಕೆ ಅವರಿಗೂ ಬರಲ್ಲ, ಅದಕ್ಕೆ ಇಬ್ಬರೂ ಸೇರಿ ಕೆಪಿಸಿಗೆ ಒಂದು ಅರ್ಜಿ ಕೊಡಿ. ಅವರು ನೇರ ಮಾತಿಗೆ ಒಪ್ಪದಿದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿಲಿ ಕೇಸು ಹಾಕೋ ಮುಂಚೆನೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು. ಅಲ್ಲಿ ರಾಜಿ ಆದ್ರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ.

ಆಕ್ಷೇಪಣೆ ಪತ್ರ ಈ ವಾರನೇ ಕಳ್ಸಿ. ನಕಾಶೆ, ಟಿಪ್ಪಣಿ ಕೈಗೆ ಸಿಕ್ಕ ಮೇಲೆ ಸರ್ವೆ ನಂಬರ್ ಮುಚ್ಚಿ ಫೋಟೋ ಕಳ್ಸಿದ್ರೆ ದಾರಿ ಗುರ್ತು ಇದ್ಯಾ ಇಲ್ವಾ ನಾನೇ ನೋಡಿ ಹೇಳ್ತೀನಿ, ಅರ್ಜಿ ಯಾರಿಗೆ ಬರೀಬೇಕು ಅನ್ನೋದು ಅದನ್ನ ನೋಡಿದ ಮೇಲೆ ತೀರ್ಮಾನ ಮಾಡೋಣ.